ತಲೆಬುರುಡೆಯೊಳಗಿನ ರಕ್ತಸ್ರಾವದ ನಂತರ: ಹುಬ್ಬಳ್ಳಿಯ ಒಂದು ಮನೆ ಆರೈಕೆ ಸೇವೆಯ ವಿಮರ್ಶೆ

ತಲೆಬುರುಡೆಯೊಳಗೆ ರಕ್ತಸ್ರಾವವಾಗಿ, ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಆಸ್ಪತ್ರೆಯಿಂದ ಬಂದ ರೋಗಿಗೆ ಮನೆಯಲ್ಲಿಯೇ ನರ್ಸಿಂಗ್, ಫಿಸಿಯೊಥೆರಪಿ ಮತ್ತು ಮಾತಿನ ಥೆರಪಿ ಒದಗಿಸುವ ಹುಬ್ಬಳ್ಳಿಯ ಒಂದು ಖಾಸಗಿ ಸೇವೆಯನ್ನು ನಮ್ಮ ಕುಟುಂಬ ಸುಮಾರು ಒಂದು ವರ್ಷದಿಂದ ಪಡೆಯುತ್ತಿದೆ. ಇದೇ ಕಷ್ಟದಲ್ಲಿರುವ ಬೇರೆ ಮನೆಯವರಿಗೆ ಉಪಯೋಗವಾಗಲೆಂದು ಅದರ ಗುಣದೋಷಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರನ್ನು ಬರೆದಿಲ್ಲ. ಅಲ್ಲಿಯ ಕೆಲವರು ನಮಗೆ ಮಾಡಿದ ಉಪಕಾರ ದೊಡ್ಡದು, ಅಲ್ಲಿ ನಾವು ಕಂಡ ಲೋಪಗಳೂ ಸಣ್ಣವಲ್ಲ. ಇಂಥ ಸೇವೆ ಹುಡುಕುವವರಿಗೆ ಹೆಸರಿಗಿಂತ ಏನನ್ನು ನೋಡಿ ಒಪ್ಪಬೇಕು, ಏನನ್ನು ಕೇಳಿ ತಿಳಿಯಬೇಕು ಎಂಬುದೇ ಹೆಚ್ಚು ಬೇಕಾಗುತ್ತದೆ. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಪೆಟ್ಟು ಬಿದ್ದ ರೋಗಿ ಬದುಕುವುದು ಬಹುಮಟ್ಟಿಗೆ ಮೊದಲ ಕೆಲವು ತಾಸುಗಳಲ್ಲಿ ನಿರ್ಧಾರವಾಗುತ್ತದೆ. ಬದುಕಿದವನು ಎಷ್ಟರ ಮಟ್ಟಿಗೆ ಚೇತರಿಸಿಕೊಳ್ಳುತ್ತಾನೆ ಎಂಬುದರಲ್ಲಿ ಆಮೇಲಿನ ತಿಂಗಳುಗಳ ಶಿಸ್ತಿನ ಆರೈಕೆಗೆ ದೊಡ್ಡ ಪಾಲಿದೆ. ಈ ಸೇವೆಯವರಿಗೆ ಆ ಶಿಸ್ತು ಗೊತ್ತಿದೆ. ಅದನ್ನು ಎಲ್ಲ ದಿನವೂ, ಎಲ್ಲ ಪಾಳಿಯಲ್ಲೂ ಉಳಿಸಿಕೊಳ್ಳಲು ಅವರಿಗೆ ಆಗಿಲ್ಲ.

ರೋಗಿ ನನ್ನ ಅಣ್ಣ. ವಯಸ್ಸು 58, ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿ ನಡೆಸುತ್ತಾನೆ. ಮೋಟೆಬೆನ್ನೂರಿನ ಕಡೆಯಿಂದ ಮೋಟರ್ ಸೈಕಲ್ ಮೇಲೆ ಬರುವಾಗ ಬಿದ್ದು ತಲೆಗೆ ಪೆಟ್ಟಾಯಿತು, ಹೆಲ್ಮೆಟ್ ಹಾಕಿರಲಿಲ್ಲ. ದಾರಿಹೋಕರು 108ಕ್ಕೆ ಫೋನ್ ಮಾಡಿದರು. ಹಾವೇರಿಯಲ್ಲಿ ಪ್ರಥಮ ಚಿಕಿತ್ಸೆಯಾಗಿ, ಅಲ್ಲಿಂದ 75 ಕಿಲೋಮೀಟರಿನಷ್ಟು ದೂರದ ಹುಬ್ಬಳ್ಳಿಗೆ ಬರುವ ಹೊತ್ತಿಗೆ ರಾತ್ರಿಯಾಗಿತ್ತು. ಮೆದುಳಿನ ಎಡಭಾಗದಲ್ಲಿ ಹೊರಪೊರೆಯ ಕೆಳಗೆ ರಕ್ತ ಹೆಪ್ಪುಗಟ್ಟಿದ್ದು, ಅದರಡಿಯ ಮೆದುಳೂ ಜಜ್ಜಿ ಹೋಗಿದ್ದು ಸಿಟಿ ಸ್ಕ್ಯಾನಿನಲ್ಲಿ ಕಂಡಿತು. ಅದೇ ರಾತ್ರಿ ಹೆಪ್ಪು ತೆಗೆದರು. ಮೆದುಳು ಬಾತುಕೊಂಡಿದ್ದರಿಂದ ಬುರುಡೆಯ ಒಂದು ತುಂಡನ್ನು ಮರಳಿ ಕೂಡಿಸದೆ ಚರ್ಮವನ್ನಷ್ಟೇ ಹೊಲಿದರು. ಐಸಿಯು, ವೆಂಟಿಲೇಟರ್, ವಾರ್ಡ್ ಎಲ್ಲವನ್ನೂ ದಾಟಿ ಹೊರಬಂದಾಗ ಬಲಗೈ ಬಲಗಾಲಿನಲ್ಲಿ ಶಕ್ತಿಯಿರಲಿಲ್ಲ, ಮಾತು ಹೋಗಿತ್ತು, ಊಟ ಮೂಗಿನ ನಳಿಕೆಯಿಂದ ಆಗುತ್ತಿತ್ತು. ತಪಾಸಣೆಗೆ ಆಸ್ಪತ್ರೆ ಹತ್ತಿರವಿರಬೇಕೆಂದು ಬ್ಯಾಡಗಿಗೆ ಕರೆದೊಯ್ಯದೆ ವಿದ್ಯಾನಗರದ ನನ್ನ ಮನೆಯಲ್ಲೇ ಇರಿಸಿಕೊಂಡೆವು. ವೈನಿಯೂ (ಅಣ್ಣನ ಹೆಂಡತಿ) ಬಂದು ನಮ್ಮೊಂದಿಗೆ ಉಳಿದರು.

ಈ ಸೇವೆಯ ಅತ್ಯುತ್ತಮ ಭಾಗವೆಂದರೆ ಅವರ ಮೊದಲ ಭೇಟಿ. ಬಂದ ಫಿಸಿಯೊಥೆರಪಿಸ್ಟ್ ಇನ್ನೂ ಚಿಕ್ಕ ವಯಸ್ಸಿನ ಹುಡುಗಿ, ಧಾರವಾಡದ ಕಡೆಯವಳು. ನಾವೆಲ್ಲ ಅಣ್ಣನ ಕೈಕಾಲು ತೋರಿಸಲು ಮುಂದಾದರೆ ಆಕೆ, “ಅಕ್ಕಾರ, ಮೊದ್ಲ ಡಿಸ್ಚಾರ್ಜ್ ಕಾರ್ಡ್ ಕೊಡ್ರಿ, ಸ್ಕ್ಯಾನ್ ಕೊಡ್ರಿ. ಕೈಕಾಲು ಆಮ್ಯಾಲೆ ನೋಡೂನು” ಎಂದಳು. ಅರ್ಧ ತಾಸಿಗೂ ಹೆಚ್ಚು ಹೊತ್ತು ಕುಳಿತು ಓದಿ, ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಅವಳು ಬರೆದುಕೊಂಡ ಸಂಗತಿಗಳೇ ಇಂಥ ರೋಗಿಯ ಚೇತರಿಕೆಯನ್ನು ಮೊದಲ ಹಂತದಲ್ಲಿ ನಿರ್ಧರಿಸುವ ಸಂಗತಿಗಳು. ಆದ್ದರಿಂದ ಅವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ವಯಸ್ಸು ಮೊದಲನೆಯದು. ಪೆಟ್ಟು ಒಂದೇ ಬಗೆಯದಾಗಿದ್ದರೂ ಇಪ್ಪತ್ತೈದರ ಮೆದುಳು ಚೇತರಿಸಿಕೊಂಡಷ್ಟು ಅರವತ್ತೈದರ ಮೆದುಳು ಚೇತರಿಸಿಕೊಳ್ಳುವುದಿಲ್ಲ. ಜೊತೆಗೆ ವಯಸ್ಸಾದವರಲ್ಲಿ ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಮತ್ತು ಅವುಗಳಿಗಾಗಿ ತೆಗೆದುಕೊಳ್ಳುವ ರಕ್ತ ತೆಳುವಾಗಿಸುವ ಗುಳಿಗೆಗಳು ಸೇರಿಕೊಂಡಿರುತ್ತವೆ. ಅಣ್ಣ ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದ. ಅದು ಡಿಸ್ಚಾರ್ಜ್ ಕಾರ್ಡಿನ ಮೂಲೆಯಲ್ಲಿ ಒಂದೇ ಸಾಲಿನಲ್ಲಿತ್ತು, ಆಕೆ ಅದರ ಕೆಳಗೆ ಗೆರೆ ಎಳೆದಳು. ವಾರ್ಫರಿನ್, ಕ್ಲೋಪಿಡೋಗ್ರೆಲ್‌ನಂಥ ಔಷಧ ತೆಗೆದುಕೊಳ್ಳುವ ಹಿರಿಯರು ಬಚ್ಚಲಿನಲ್ಲಿ ಜಾರಿ ಬಿದ್ದು ತಲೆಗೆ ಸಣ್ಣ ಪೆಟ್ಟಾದರೂ, ಅಂದು ಏನೂ ಆಗಲಿಲ್ಲವೆಂದು ಸುಮ್ಮನಿದ್ದರೂ, ವಾರಗಳ ನಂತರ ನಿಧಾನವಾಗಿ ರಕ್ತ ಸೇರಿ ನಡಿಗೆ ತಪ್ಪುವುದುಂಟು ಎಂಬುದನ್ನು ಮನೆಯಲ್ಲಿ ವೃದ್ಧರಿರುವವರೆಲ್ಲ ತಿಳಿದಿರಬೇಕು.

ಎರಡನೆಯದಾಗಿ ಆಕೆ ನೋಡಿದ್ದು ಗ್ಲಾಸ್ಗೊ ಕೋಮಾ ಮಾಪಕದ ಅಂಕವನ್ನು. 1974ರಲ್ಲಿ ಗ್ಲಾಸ್ಗೊ ನಗರದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್ ರೂಪಿಸಿದ ಈ ಮಾಪಕ ರೋಗಿಯು ಕಣ್ಣು ತೆರೆಯುವುದಕ್ಕೆ, ಮಾತನಾಡುವುದಕ್ಕೆ ಮತ್ತು ಕೈಕಾಲು ಆಡಿಸುವುದಕ್ಕೆ ಬೇರೆ ಬೇರೆ ಅಂಕ ಕೊಟ್ಟು ಕೂಡಿಸುತ್ತದೆ. ಕನಿಷ್ಠ 3, ಗರಿಷ್ಠ 15; 13ರಿಂದ ಮೇಲೆ ಸೌಮ್ಯ, 9ರಿಂದ 12 ಮಧ್ಯಮ, 8 ಮತ್ತು ಅದಕ್ಕಿಂತ ಕೆಳಗೆ ತೀವ್ರ. ಅಣ್ಣನ ಅಂಕ ಹಾವೇರಿಯಲ್ಲಿ 9 ಇದ್ದದ್ದು ಹುಬ್ಬಳ್ಳಿ ತಲುಪುವಷ್ಟರಲ್ಲಿ 7ಕ್ಕೆ ಇಳಿದಿತ್ತು. ಒಟ್ಟು ಅಂಕಕ್ಕಿಂತ ಚಲನೆಯ ಅಂಕ ಮುಂದಿನ ಚೇತರಿಕೆಯನ್ನು ಹೆಚ್ಚು ಸೂಚಿಸುತ್ತದೆಯೆಂದು ಆಕೆ ವಿವರಿಸಿದಳು. ಕಣ್ಣಿನ ಪಾಪೆಗಳು ಬೆಳಕಿಗೆ ಕುಗ್ಗುತ್ತಿದ್ದವೇ ಎಂಬುದನ್ನೂ ಹುಡುಕಿದಳು. ಎರಡೂ ಕುಗ್ಗುತ್ತಿದ್ದವು. ಅದು ಒಳ್ಳೆಯ ಸೂಚನೆಯೆಂದು ಆಕೆ ಹೇಳಿದಾಗ ವೈನಿಯ ಮುಖ ಸ್ವಲ್ಪ ತಿಳಿಯಾಯಿತು.

ಬಿಪಿಯ ವಿಷಯಕ್ಕೆ ಆಕೆ ಇನ್ನೂ ಹೆಚ್ಚು ಗಮನ ಕೊಟ್ಟಳು. ಪೆಟ್ಟಿನ ಹೊತ್ತಿಗೆ ಮೆದುಳಿಗೆ ಆಗುವ ಹಾನಿ ಒಂದು. ಆಮೇಲೆ ರಕ್ತದೊತ್ತಡ ಕುಸಿದು ಅಥವಾ ಆಮ್ಲಜನಕ ಸಾಲದೆ ಆಗುವ ಹಾನಿ ಇನ್ನೊಂದು. ಮೊದಲನೆಯದನ್ನು ಯಾರೂ ತಿದ್ದಲಾರರು, ಎರಡನೆಯದನ್ನು ಬಹಳ ಮಟ್ಟಿಗೆ ತಡೆಯಬಹುದು. ತೀವ್ರ ತಲೆಪೆಟ್ಟಿನ ರೋಗಿಗಳಲ್ಲಿ ಮೇಲಿನ ಬಿಪಿ 90ಕ್ಕಿಂತ ಕೆಳಗೆ ಇಳಿದಿದ್ದರೆ ಸಾವಿನ ಸಂಭವ ಎರಡು ಪಟ್ಟಿಗೂ ಹೆಚ್ಚೆಂದು 1993ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತ್ತು. ಆಂಬುಲೆನ್ಸಿನಲ್ಲಿ ಆಮ್ಲಜನಕ ಹಚ್ಚಿ ಸಲೈನ್ ಏರಿಸುವುದಕ್ಕೆ ಎಷ್ಟು ಬೆಲೆಯಿದೆ ಎಂಬುದು ಇದರಿಂದ ಅರ್ಥವಾಗುತ್ತದೆ. ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಅಗ್ಗದ ಚುಚ್ಚುಮದ್ದನ್ನು ಪೆಟ್ಟಾದ 3 ತಾಸಿನೊಳಗೆ ಕೊಟ್ಟರೆ ಸೌಮ್ಯ ಮತ್ತು ಮಧ್ಯಮ ತಲೆಪೆಟ್ಟಿನವರಲ್ಲಿ ಸಾವು ಕಡಿಮೆಯಾಗುತ್ತದೆ, ಎಷ್ಟು ಬೇಗ ಕೊಟ್ಟರೆ ಅಷ್ಟು ಲಾಭ ಎಂದು 2019ರಲ್ಲಿ ಪ್ರಕಟವಾದ ಕ್ರ್ಯಾಶ್-3 ಪ್ರಯೋಗದಿಂದ ತಿಳಿದುಬಂತು. ಅತಿ ತೀವ್ರ ಪೆಟ್ಟಿನವರಲ್ಲಿ ಆ ಲಾಭ ಕಾಣಲಿಲ್ಲ.

ಪೆಟ್ಟಿನಿಂದ ಶಸ್ತ್ರಚಿಕಿತ್ಸೆಯವರೆಗೆ ಹಿಡಿದ ಸಮಯವನ್ನೂ ಆಕೆ ಲೆಕ್ಕ ಹಾಕಿದಳು. 1981ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ವರದಿಯಲ್ಲಿ, ಅಣ್ಣನಿಗೆ ಆದಂಥದೇ ರಕ್ತಸ್ರಾವವಾಗಿ ಪ್ರಜ್ಞೆ ತಪ್ಪಿದ್ದ 82 ರೋಗಿಗಳ ಪೈಕಿ, 4 ತಾಸಿನೊಳಗೆ ಶಸ್ತ್ರಚಿಕಿತ್ಸೆಯಾದವರಲ್ಲಿ ನೂರಕ್ಕೆ 30 ಜನ, ತಡವಾದವರಲ್ಲಿ ನೂರಕ್ಕೆ 90 ಜನ ತೀರಿಕೊಂಡಿದ್ದರು. ನಂತರದ ಅಧ್ಯಯನಗಳಲ್ಲಿ ವ್ಯತ್ಯಾಸ ಅಷ್ಟು ಕಡಿದಾಗಿ ಕಂಡಿಲ್ಲವಾದರೂ ತಡ ಮಾಡಬಾರದೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಹಾವೇರಿ, ಗದಗ ಕಡೆಯ ಹಳ್ಳಿಗಳಿಂದ ಮೆದುಳು ಶಸ್ತ್ರಚಿಕಿತ್ಸಕರಿರುವಲ್ಲಿಗೆ ರೋಗಿಯನ್ನು ಸಾಗಿಸುವ ಹೊತ್ತು ನಮ್ಮ ಭಾಗದ ಚೇತರಿಕೆಯ ಲೆಕ್ಕದಲ್ಲಿ ಎಷ್ಟು ಮುಖ್ಯವಾದದ್ದೆಂದು ಆ ದಿನ ನನಗೆ ಮನವರಿಕೆಯಾಯಿತು.

ಕೊನೆಯದಾಗಿ ಸ್ಕ್ಯಾನ್. ವಾರ್ಡಿನಲ್ಲಿ ಪಕ್ಕದ ಹಾಸಿಗೆಯಲ್ಲಿದ್ದ ಶಿಗ್ಗಾವಿಯ ಕಡೆಯ ಯುವಕನೊಬ್ಬ ಕೆಲವೇ ದಿನಗಳಲ್ಲಿ ನಡೆದುಕೊಂಡು ಮನೆಗೆ ಹೋಗಿದ್ದ. “ಅವಗೂ ತಲಿಯಾಗ ರಕ್ತಾನ ಆಗಿತ್ತು, ಇವರ್ಯಾಕ ಹಿಂಗ?” ಎಂದು ವೈನಿ ಅಂದಿನಿಂದ ಕೊರಗುತ್ತಿದ್ದರು. ಆ ಯುವಕನಿಗೆ ರಕ್ತ ಸೇರಿದ್ದು ಬುರುಡೆಗೂ ಹೊರಪೊರೆಗೂ ನಡುವೆ. ಅಲ್ಲಿ ರಕ್ತ ಸೇರಿದ ರೋಗಿ ಪೆಟ್ಟಾದ ಮೇಲೂ ಕೆಲವೊಮ್ಮೆ ಚೆನ್ನಾಗಿಯೇ ಮಾತನಾಡುತ್ತಿದ್ದು ಆಮೇಲೆ ಒಮ್ಮೆಲೇ ಪ್ರಜ್ಞೆ ತಪ್ಪುತ್ತಾನೆ; ಸಕಾಲಕ್ಕೆ ಹೆಪ್ಪು ತೆಗೆದರೆ ಒಳಗಿನ ಮೆದುಳಿಗೆ ಹೆಚ್ಚು ಹಾನಿಯಾಗಿರದ ಕಾರಣ ಬೇಗ ಸುಧಾರಿಸುತ್ತಾನೆ. ಅಣ್ಣನಿಗಾದಂತೆ ಪೊರೆಯ ಕೆಳಗೆ ರಕ್ತ ಸೇರಿದಾಗ ಅದರಡಿಯ ಮೆದುಳೇ ಬಹಳ ಸಲ ಜಜ್ಜಿರುತ್ತದೆ. ಹೆಪ್ಪಿನ ದಪ್ಪ 10 ಮಿಲಿಮೀಟರಿಗಿಂತ ಹೆಚ್ಚಿದ್ದರೆ ಅಥವಾ ಮೆದುಳಿನ ನಡುಗೆರೆ 5 ಮಿಲಿಮೀಟರಿಗಿಂತ ಹೆಚ್ಚು ಪಕ್ಕಕ್ಕೆ ಸರಿದಿದ್ದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಮಾಡಬೇಕೆಂದು ವೈದ್ಯಕೀಯ ಮಾರ್ಗಸೂಚಿ ಹೇಳುತ್ತದೆ. ಅಣ್ಣನಲ್ಲಿ ಎರಡೂ ಮೀರಿದ್ದವು. ಒಬ್ಬ ರೋಗಿಯನ್ನು ಇನ್ನೊಬ್ಬನೊಂದಿಗೆ ಹೋಲಿಸಬಾರದೆಂದು ಎಲ್ಲರೂ ಹೇಳುತ್ತಾರೆ. ಏಕೆ ಹೋಲಿಸಬಾರದೆಂದು ಸ್ಕ್ಯಾನ್ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದವಳು ಇವಳೊಬ್ಬಳೇ.

ಇಷ್ಟೆಲ್ಲ ಓದಿದ ಮೇಲೂ ಆಕೆ ಯಾವ ಭರವಸೆಯನ್ನೂ ಕೊಡಲಿಲ್ಲ. ಅದಕ್ಕೇ ನಾನು ಈ ಸೇವೆಯನ್ನು ಒಪ್ಪಿದ್ದು. ಇನ್ನೊಂದು ಕಡೆ ವಿಚಾರಿಸಿದಾಗ ರೋಗಿಯ ಕಾಗದ ಪತ್ರ ನೋಡದೆ ಫೋನಿನಲ್ಲೇ “ಮೂರು ತಿಂಗಳಿನಾಗ ನಡಸ್ತೀವಿ” ಎಂದಿದ್ದರು. ನಿಜವಾದ ಚಿತ್ರ ಅಷ್ಟು ಸರಳವಲ್ಲ. ಅಷ್ಟು ಕತ್ತಲೆಯದೂ ಅಲ್ಲ. ಅಮೆರಿಕದ ದೊಡ್ಡ ಟ್ರಾಮಾ ಕೇಂದ್ರಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಟ್ರ್ಯಾಕ್-ಟಿಬಿಐ ಅಧ್ಯಯನದಲ್ಲಿ, ತೀವ್ರ ತಲೆಪೆಟ್ಟಿನವರ ಪೈಕಿ ಸುಮಾರು ಅರ್ಧದಷ್ಟು ಜನ, ಮಧ್ಯಮ ಪೆಟ್ಟಿನವರ ಪೈಕಿ ನಾಲ್ಕರಲ್ಲಿ ಮೂವರು 12 ತಿಂಗಳ ಹೊತ್ತಿಗೆ ದಿನದಲ್ಲಿ ಕೆಲವು ತಾಸು ಮನೆಯಲ್ಲಿ ಒಬ್ಬರೇ ಇರಬಲ್ಲಷ್ಟಾದರೂ ಸುಧಾರಿಸಿದ್ದರು. ಎರಡನೆಯ ವಾರದಲ್ಲಿ ಪರಿವೆಯ ಲಕ್ಷಣವೇ ಇಲ್ಲದಿದ್ದವರಲ್ಲಿಯೂ ಬಹುಪಾಲು ಜನರಿಗೆ ವರ್ಷದೊಳಗೆ ಪರಿವೆ ಮರಳಿತ್ತು. ಆರಂಭದ ದಿನಗಳ ಸ್ಥಿತಿ ನೋಡಿ ಕೈಚೆಲ್ಲಬಾರದೆಂಬುದಕ್ಕೆ ಇದು ಬಲವಾದ ಆಧಾರ. ಚೇತರಿಕೆ ಮೊದಲ ಆರು ತಿಂಗಳಲ್ಲಿ ವೇಗವಾಗಿದ್ದು ನಂತರ ನಿಧಾನವಾಗುತ್ತದೆ, ನಿಲ್ಲುವುದಿಲ್ಲ.

ಇನ್ನು ನರ್ಸಿಂಗ್ ಸೇವೆ. ಇದರಲ್ಲಿ ಒಳ್ಳೆಯದೂ ಕೆಟ್ಟದ್ದೂ ಬೆರೆತಿದೆ.

ಅಣ್ಣನಿಗೆ ನುಂಗಲು ಬರುತ್ತದೆಯೇ ಎಂದು ಪರೀಕ್ಷಿಸಿದ ರೀತಿ ನನಗೆ ಬಹಳ ಹಿಡಿಸಿತು. ಮಾತಿನ ಥೆರಪಿಸ್ಟ್ ಅವನನ್ನು ನೆಟ್ಟಗೆ ಕೂಡಿಸಿ, ಗದ್ದವನ್ನು ಸ್ವಲ್ಪ ಕೆಳಗೆ ಬಾಗಿಸಿ, ಚಹಾ ಚಮಚದಲ್ಲಿ ಅರ್ಧದಷ್ಟು ಮಂದವಾದ ಗಂಜಿ ಕೊಟ್ಟು, ಗಂಟಲಿನ ಮೇಲೆ ಎರಡು ಬೆರಳಿಟ್ಟು ಕಾಯ್ದರು. ಗಂಟಲ ಮಣಿ ಮೇಲೇರಿ ಇಳಿದ ಮೇಲೆ ಅವನಿಂದ ‘ಆ’ ಎನ್ನಿಸಿ, ದನಿ ಒದ್ದೆಯಾದಂತೆ ಗೊರಗೊರ ಕೇಳುತ್ತದೆಯೇ ಎಂದು ಕಿವಿಗೊಟ್ಟರು. ಮೆದುಳಿಗೆ ಪೆಟ್ಟಾದವರಿಗೆ ಗಂಜಿಗಿಂತ ನೀರು, ಚಹಾದಂಥ ತೆಳು ಪದಾರ್ಥಗಳೇ ಹೆಚ್ಚು ಅಪಾಯ. ಅವು ಗೊತ್ತಾಗದಂತೆ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ತರುತ್ತವೆ. ಹಾಗೆ ಇಳಿದರೂ ಕೆಲವರಿಗೆ ಕೆಮ್ಮು ಕೂಡ ಬರುವುದಿಲ್ಲ. ನೋಡಲು ಬಂದ ನಂಟರು ಪ್ರೀತಿಯಿಂದ ಒಂದು ಚಮಚ ಎಳನೀರು ಬಿಡಲು ಹೋಗುವುದು ನಮ್ಮಲ್ಲಿ ಸಾಮಾನ್ಯ. ಮಂಚದ ತಲೆಕಡೆ ‘ಬಾಯಿಂದ ಏನನ್ನೂ ಕೊಡಬೇಡಿ’ ಎಂದು ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ್ದು ಈ ಸೇವೆಯವರೇ. ನಳಿಕೆ ತೆಗೆದ ಮೇಲೆ ಕಾಳುಕಾಳಾದ ಜೋಳದ ನುಚ್ಚನ್ನು ಬಿಟ್ಟು, ನುಣ್ಣಗೆ ಅರೆದ ಬೇಳೆ ಅನ್ನದಿಂದ ಆರಂಭಿಸಿ, ವಾರವಾರಕ್ಕೆ ಬದಲಿಸುತ್ತಾ ಬಂದರು. ಪೆಟ್ಟು ಬಿದ್ದ ದೇಹ ಮಲಗಿದ್ದರೂ ಹೆಚ್ಚು ಶಕ್ತಿ, ಹೆಚ್ಚು ಪ್ರೋಟೀನ್ ಖರ್ಚು ಮಾಡುತ್ತದೆ. ಮಲಗಿದವನಿಗೆ ತೆಳ್ಳಗಿನ ಅಂಬಲಿ ಸಾಕೆಂಬ ನಂಬಿಕೆಯನ್ನು ಅವರು ನಮ್ಮ ಮನೆಯಲ್ಲಿ ತಾಳ್ಮೆಯಿಂದ ಬಿಡಿಸಿದರು.

ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು, ತಲೆದಿಂಬಿನ ಕಡೆಯನ್ನು ಎತ್ತರಿಸಿಡುವುದು, ಬಿಪಿ ಮತ್ತು ಸಕ್ಕರೆಯನ್ನು ಚಾರ್ಟಿನಲ್ಲಿ ಬರೆಯುವುದು, ಫಿಟ್ಸ್ ಗುಳಿಗೆಯನ್ನು ಹೊತ್ತಿಗೆ ಸರಿಯಾಗಿ ಕೊಡುವುದು, ಇವೆಲ್ಲ ಹಗಲು ಪಾಳಿಯಲ್ಲಿ ಸರಿಯಾಗಿ ನಡೆದವು. ಫಿಟ್ಸ್ ಔಷಧದ ಬಗ್ಗೆ ಒಂದು ಮಾತು: ತಲೆಪೆಟ್ಟಾದ ಮೊದಲ ವಾರದ ಫಿಟ್ಸ್ ತಡೆಯಲು ಅದು ನೆರವಾಗುತ್ತದೆ, ಆಮೇಲೆ ಎಲ್ಲರಿಗೂ ಮುಂದುವರಿಸಬೇಕಾಗಿಲ್ಲ, ಅಣ್ಣನಿಗೆ ಐಸಿಯುವಿನಲ್ಲಿ ಫಿಟ್ಸ್ ಬಂದಿದ್ದರಿಂದ ವೈದ್ಯರು ಮುಂದುವರಿಸಿದ್ದರು. ಯಾರಿಗೆ ಎಷ್ಟು ಕಾಲ ಎಂಬುದು ಮೆದುಳು ವೈದ್ಯರ ತೀರ್ಮಾನ, ಮನೆಯವರು ತಾವಾಗಿ ನಿಲ್ಲಿಸುವಂಥದಲ್ಲ.

ಹಗಲು ಪಾಳಿಯ ನರ್ಸ್ ಒಬ್ಬರ ಎಚ್ಚರಿಕೆಗೆ ನಾವು ಋಣಿಗಳು. ಒಂದು ವಾರ ಅಣ್ಣ ಹಗಲಲ್ಲೂ ಮಂಪರಿನಲ್ಲೇ ಇರತೊಡಗಿದ, ಎರಡು ಸಲ ವಾಂತಿಯಾಯಿತು. ಥೆರಪಿಯ ದಣಿವಿರಬೇಕೆಂದು ನೆರೆಯವರೆಲ್ಲ ಹೇಳುತ್ತಿದ್ದಾಗ ಅವರು, “ಅಕ್ಕಾರ, ಇದು ದಣಿವಲ್ರಿ. ನಿನ್ನಿ ಕರದ್ರ ಕಣ್ಣ ತೆಗೀತಿದ್ರು, ಇವತ್ತ ಅಲುಗಾಡಿಸಿದ್ರಷ್ಟ ತೆಗ್ಯಾಕತ್ಯಾರ. ಈಗ ಆಸ್ಪತ್ರಿಗೆ ಹೋಗೂನ್ರಿ” ಎಂದು ಪಟ್ಟು ಹಿಡಿದರು. ಸ್ಕ್ಯಾನಿನಲ್ಲಿ ಹೊಸ ರಕ್ತಸ್ರಾವವಿರಲಿಲ್ಲ. ರಕ್ತದಲ್ಲಿ ಸೋಡಿಯಂ ಬಹಳ ಇಳಿದಿತ್ತು. ಮೆದುಳಿಗೆ ಪೆಟ್ಟಾದವರಲ್ಲಿ ಇದು ಸಾಮಾನ್ಯವಾಗಿ ಬರುವ ತೊಡಕು. ಹಾಗೆಂದು ಮನೆಯಲ್ಲಿ ಉಪ್ಪು ಕರಗಿಸಿ ಕುಡಿಸಿ ಸರಿಪಡಿಸುವಂಥದಲ್ಲ, ಏಕೆಂದರೆ ಅದನ್ನು ಆಸ್ಪತ್ರೆಯಲ್ಲಿ ಅಳೆದು ಅಳೆದು ನಿಧಾನವಾಗಿ ಏರಿಸಬೇಕು, ಅವಸರದಿಂದ ಏರಿಸಿದರೂ ಮೆದುಳಿಗೆ ಹಾನಿಯೇ. ನಿನ್ನೆಗೂ ಇವತ್ತಿಗೂ ಇರುವ ಆ ಸಣ್ಣ ವ್ಯತ್ಯಾಸವನ್ನು ಗುರುತಿಸಲು ನಿನ್ನೆ ನೋಡಿದವರೇ ಇವತ್ತೂ ಬರಬೇಕು.

ಈ ಸೇವೆಯ ಮುಖ್ಯ ದೋಷ ಇರುವುದೂ ಇದೇ ಜಾಗದಲ್ಲಿ. ರಾತ್ರಿ ಪಾಳಿಯ ಅಟೆಂಡರುಗಳು ಪದೇ ಪದೇ ಬದಲಾದರು. ಹೊಸಬರಿಗೆ ಹಳಬರು ಏನನ್ನೂ ಹೇಳಿ ಹೋಗುತ್ತಿರಲಿಲ್ಲ. ಚಾರ್ಟ್ ಇದ್ದರೂ ಅದನ್ನು ಓದಿ ಕೆಲಸಕ್ಕೆ ಕೂರುವ ರೂಢಿಯಿರಲಿಲ್ಲ. ಹಾಗೆ ಬಂದವರೊಬ್ಬರು ಅಣ್ಣನನ್ನು ಮೂಳೆಯಿಲ್ಲದ ಎಡಮಗ್ಗುಲಿಗೇ ತಲೆ ಒತ್ತಿ ಮಲಗಿಸಿದ್ದರು. ಬುರುಡೆಯ ತುಂಡು ತೆಗೆದಿರುವ ಕಡೆ ಮೆದುಳಿಗೆ ಚರ್ಮದ ರಕ್ಷಣೆಯಷ್ಟೇ ಇರುತ್ತದೆ. ಆ ಬದಿಗೆ ಭಾರ ಬೀಳಲೇಬಾರದು, ಎಬ್ಬಿಸಿ ನಡೆಸುವಾಗ ತಲೆಗೆ ರಕ್ಷಣೆಯ ಟೊಪ್ಪಿಗೆ ಇರಲೇಬೇಕು. ವೈನಿ ಎಚ್ಚರವಾಗಿದ್ದರಿಂದ ಅನಾಹುತ ತಪ್ಪಿತು. ಇನ್ನೊಬ್ಬರು ಅಣ್ಣನನ್ನು ಎಬ್ಬಿಸಿ ಕೂಡಿಸುವಾಗ ಬಲಗೈ ಹಿಡಿದು ಎಳೆಯುತ್ತಿದ್ದರು. ಶಕ್ತಿಯಿಲ್ಲದ ಕೈಯ ಭುಜದ ಕೀಲನ್ನು ಸುತ್ತಲಿನ ಸ್ನಾಯುಗಳು ಹಿಡಿದಿರುವುದಿಲ್ಲ. ಹಾಗೆ ಎಳೆದರೆ ಕೀಲು ಜಗ್ಗಿ ನೋವು ಆರಂಭವಾಗುತ್ತದೆ, ನೋವಾದರೆ ರೋಗಿ ಥೆರಪಿಗೆ ಒಪ್ಪುವುದಿಲ್ಲ. ಅಣ್ಣನಿಗೆ ಹಾಗೆಯೇ ಆಯಿತು. ಕೈಯ ಅಭ್ಯಾಸ ವಾರಗಟ್ಟಲೆ ಹಿಂದೆ ಬಿತ್ತು. ದೂರು ಕೊಟ್ಟಾಗ ಆಫೀಸಿನವರು ವಿನಯದಿಂದಲೇ ಮಾತನಾಡಿ ಆ ವ್ಯಕ್ತಿಯನ್ನು ಬದಲಿಸಿದರು. ಬೇಕಾಗಿದ್ದದ್ದು ತರಬೇತಿ, ಅವರು ಕೊಟ್ಟದ್ದು ಇನ್ನೊಬ್ಬ ಹೊಸಬರನ್ನು.

ಅದೇ ಆಫೀಸಿನಿಂದ ‘ಮೆದುಳಿನ ಶಕ್ತಿಗೆ’ ಸಿಟಿಕೋಲಿನ್ ಗುಳಿಗೆ ತರಿಸಿಕೊಳ್ಳಿ ಎಂಬ ಸಲಹೆಯೂ ಫೋನಿನಲ್ಲಿ ಬಂತು. 2012ರಲ್ಲಿ ಪ್ರಕಟವಾದ ಕೋಬ್ರಿಟ್ ಪ್ರಯೋಗದಲ್ಲಿ, ತಲೆಪೆಟ್ಟಾದ 1,213 ರೋಗಿಗಳಲ್ಲಿ ಈ ಔಷಧದಿಂದ ಚೇತರಿಕೆ ಹೆಚ್ಚಲಿಲ್ಲ. ವೈದ್ಯರು ಬರೆಯದ ಔಷಧದ ಮಾತನ್ನು ಆರೈಕೆ ಸೇವೆಯ ಆಫೀಸು ಎತ್ತಲೇಬಾರದು.

ಫಿಸಿಯೊಥೆರಪಿಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಮಂಚದ ಮೇಲೆ ಕೈಕಾಲು ಮಡಚಿ ಬಿಡಿಸಿ, ಎಣ್ಣೆ ತಿಕ್ಕಿ, ಕರೆಂಟ್ ಕೊಟ್ಟು ಹೋಗುವ ಪದ್ಧತಿ ಇವರದಲ್ಲ. ಕೂರುವುದು ಬಂದರೆ ಕೂತು ಏನಾದರೂ ಮಾಡಬೇಕು, ನಿಲ್ಲುವುದು ಬಂದರೆ ನಿಂತು ಏನಾದರೂ ಮಾಡಬೇಕು. ಆ ಕೆಲಸ ರೋಗಿಗೆ ಅರ್ಥವುಳ್ಳದ್ದಾಗಿರಬೇಕು, ಹಲವು ಸಾರಿ ಮರುಕಳಿಸಬೇಕು ಎಂಬುದು ಅವರ ಪಟ್ಟು. ಹಾನಿಯಾದ ಮೆದುಳು ಹೊಸ ದಾರಿ ಮಾಡಿಕೊಳ್ಳುವುದು ಇಂಥ ಮರುಕಳಿಕೆಯಿಂದಲೇ. ಬಣ್ಣದ ಪ್ಲಾಸ್ಟಿಕ್ ಬಿಲ್ಲೆಗಳನ್ನು ಎತ್ತಿ ಡಬ್ಬಿಗೆ ಹಾಕಲು ಅಣ್ಣ ಮುಖ ತಿರುಗಿಸುತ್ತಿದ್ದ. ಅವನ ವ್ಯಾಪಾರ ಏನೆಂದು ತಿಳಿದ ಮೇಲೆ ಆ ಹುಡುಗಿ ವೈನಿಗೆ ಹೇಳಿ ಬ್ಯಾಡಗಿಯಿಂದ ಎರಡು ತರದ ಮೆಣಸಿನಕಾಯಿ ತರಿಸಿದಳು: ಗಿಡ್ಡಗೆ ದಪ್ಪಗಿರುವ ಡಬ್ಬಿ, ಸಣ್ಣಗೆ ಉದ್ದವಾಗಿ ಮೈಯೆಲ್ಲ ಸುಕ್ಕಾಗಿರುವ ಕಡ್ಡಿ. ಎರಡನ್ನೂ ಮೊರದಲ್ಲಿ ಬೆರೆಸಿ ಬಲಗೈಯ ಹತ್ತಿರ ಇಟ್ಟು, “ಅಣ್ಣಾರ, ಇದ್ರಾಗ ಡಬ್ಬಿ ಯಾವ್ದು, ಕಡ್ಡಿ ಯಾವ್ದು ನನಗ ತಿಳೀವಲ್ದು. ಆರಿಸಿ ಕೊಡ್ರಿ” ಎಂದಳು. ಅವನ ಬೆರಳುಗಳು ಮುಚ್ಚಿಕೊಂಡೇ ಇದ್ದವು. ಎಡಗೈಯಿಂದ ಬಲಗೈಯನ್ನು ಮೊರಕ್ಕೆ ಸರಿಸಿ, ಒಂದು ಕಾಯನ್ನು ಹೆಬ್ಬೆರಳಿಗೂ ತೋರುಬೆರಳಿನ ಪಕ್ಕಕ್ಕೂ ಸಿಕ್ಕಿಸಿಕೊಂಡು ಎಳೆದ. ತೊಟ್ಟು ಮುರಿಯಿತು, ಕಾಯಿ ಉರುಳಿತು, ಮತ್ತೆ ಹಿಡಿದ. ಹತ್ತು ನಿಮಿಷಕ್ಕೆ ಸೋಲುತ್ತಿದ್ದವನು ಅಂದು ಊಟದ ಹೊತ್ತಾದರೂ ಏಳಲಿಲ್ಲ. ಅಭ್ಯಾಸ ಮುಗಿದ ಕೂಡಲೇ, ಖಾರದ ಕೈ ಕಣ್ಣಿಗೆ ಹೋಗದಂತೆ, ಸೋಪು ಹಚ್ಚಿ ಕೈ ತೊಳೆಸುವುದನ್ನೂ ಆಕೆ ಮರೆಯಲಿಲ್ಲ.

ಮಾತಿನ ಥೆರಪಿ ಉತ್ತಮವಾಗಿದೆ, ಆದರೆ ಸಾಲದು. ಎಡಭಾಗದ ಮೆದುಳಿಗೆ ಪೆಟ್ಟಾದವರಲ್ಲಿ ಬಹಳ ಜನರಿಗೆ ಮಾತು ಹೋಗುತ್ತದೆ, ಬುದ್ಧಿ ಹೋಗಿರುವುದಿಲ್ಲ. ಹೇಳಿದ್ದು ತಿಳಿಯುತ್ತಿದ್ದರೂ ಬೇಕಾದ ಮಾತು ಬಾಯಿಗೆ ಬರುವುದಿಲ್ಲ. ರೂಢಿಯಿಂದ ಸರಾಗವಾಗಿ ಬರುವ ಎಣಿಕೆ, ವಾರಗಳ ಹೆಸರು, ಪ್ರಾರ್ಥನೆ ಇವು ಮೊದಲು ಮರಳುವುದುಂಟು. ಅಣ್ಣನಿಗೆ ‘ಸೋಮವಾರ’ ಮತ್ತು ‘ಗುರುವಾರ’ ಎಲ್ಲಕ್ಕಿಂತ ಮುಂಚೆ ಬಂದವು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವಹಿವಾಟು ನಡೆಯುವ ದಿನಗಳು ಅವು. ಥೆರಪಿಸ್ಟ್ ತಂದ ಚಿತ್ರದ ಕಾರ್ಡುಗಳಲ್ಲಿ ಹಿಮದ ಗೊಂಬೆ, ಸ್ಟ್ರಾಬೆರಿ ಮುಂತಾದವೇ ತುಂಬಿದ್ದವು. ನಾವು ಆಕ್ಷೇಪಿಸಿದ ಮೇಲೆ ತಕ್ಕಡಿ, ಗೋಣಿಚೀಲ, ರೊಟ್ಟಿ ಬುಟ್ಟಿ, ಮನೆಯವರ ಫೋಟೊ ಬಳಸತೊಡಗಿದರು. ಅವರ ಬಳಿ ಇರುವುದು ಒಬ್ಬರೇ ಮಾತಿನ ಥೆರಪಿಸ್ಟ್, ವಾರಕ್ಕೊಮ್ಮೆಯಷ್ಟೇ ಬರುತ್ತಾರೆ. ಮೊದಲ ಆರು ತಿಂಗಳಲ್ಲಿ ಇದು ತೀರ ಕಡಿಮೆ.

ಎಲ್ಲಕ್ಕಿಂತ ದೊಡ್ಡ ಕೊರತೆ ಮನಸ್ಸಿನ ಕಡೆಗೆ. ಮೆದುಳಿಗೆ ಪೆಟ್ಟಾದ ಮನುಷ್ಯ ಕೆಲವೊಮ್ಮೆ ಸಣ್ಣದಕ್ಕೆ ಸಿಟ್ಟಾಗುತ್ತಾನೆ, ಕೆಲವೊಮ್ಮೆ ಯಾವುದರಲ್ಲೂ ಆಸಕ್ತಿಯಿಲ್ಲದೆ ಗೋಡೆ ನೋಡುತ್ತಾ ಕೂರುತ್ತಾನೆ; ಮನೆಯವರು ಅದನ್ನು ಹಟವೆಂದೋ ಸೋಮಾರಿತನವೆಂದೋ ತಿಳಿಯುತ್ತಾರೆ. ಖಿನ್ನತೆ ಈ ರೋಗಿಗಳಲ್ಲಿ ಸಾಮಾನ್ಯ, ಚಿಕಿತ್ಸೆಯೂ ಇದೆ. ಗುರುತಿಸದೆ ಬಿಟ್ಟರೆ ಥೆರಪಿಯೇ ನಿಂತುಹೋಗುತ್ತದೆ. ಅಣ್ಣ ತಟ್ಟೆ ಎಸೆದಾಗ ವೈನಿ ಅಡುಗೆಮನೆಯಲ್ಲಿ ಅತ್ತರು. ಇದು ಪೆಟ್ಟಿನ ಪರಿಣಾಮ, ನಿಮ್ಮ ಮೇಲಿನ ಸಿಟ್ಟಲ್ಲ ಎಂದು ಅವರಿಗೆ ವಿವರಿಸಲು ಸೇವೆಯ ಕಡೆಯಿಂದ ಯಾರೂ ಇರಲಿಲ್ಲ. ಒಬ್ಬ ಮನಃಶಾಸ್ತ್ರಜ್ಞರಾದರೂ ಈ ಸೇವೆಯಲ್ಲಿಲ್ಲ. ಮನಸ್ಸು ಮತ್ತು ನರಗಳ ಚಿಕಿತ್ಸೆಗೆಂದೇ ಇರುವ ಡಿಮ್ಹಾನ್ಸ್ ಸಂಸ್ಥೆ ಧಾರವಾಡದಲ್ಲಿಯೇ ಇರುವಾಗ, ರೋಗಿಗಳನ್ನು ಅಲ್ಲಿಗೆ ಕಳಿಸುವ ಒಂದು ಕ್ರಮವನ್ನು ಇವರು ಇಟ್ಟುಕೊಳ್ಳಬೇಕಿತ್ತು. ಆರೈಕೆ ಮಾಡುವವರು ಕುಸಿದರೆ ರೋಗಿಯ ಚೇತರಿಕೆಯೂ ಕುಸಿಯುತ್ತದೆ. ವೈನಿಗೆ ಮಂಚದಿಂದ ಕುರ್ಚಿಗೆ ದಾಟಿಸುವುದನ್ನು, ಊಟ ಮಾಡಿಸುವುದನ್ನು ಚೆನ್ನಾಗಿ ಕಲಿಸಿದ ಇವರು, ವೈನಿಯ ನಿದ್ದೆಯ ಬಗ್ಗೆ ಒಮ್ಮೆಯೂ ಕೇಳಲಿಲ್ಲ.

ಬುರುಡೆಯ ತುಂಡನ್ನು ಮರಳಿ ಕೂಡಿಸುವ ಶಸ್ತ್ರಚಿಕಿತ್ಸೆಯಾದ ಮೇಲೆ ಅಣ್ಣನ ಲವಲವಿಕೆ ಕಣ್ಣಿಗೆ ಕಾಣುವಂತೆ ಹೆಚ್ಚಿತು. ಇದು ಹಲವು ರೋಗಿಗಳಲ್ಲಿ ಕಂಡುಬರುವ ಸಂಗತಿ. ಆಗ ಫಿಸಿಯೊಥೆರಪಿಸ್ಟ್ ಅವನನ್ನು ಮನೆಯ ಹೊರಗೆ ನಡೆಸಲು ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸನ್ನು ಆರಿಸಿಕೊಂಡಳು. ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಮಟ್ಟದಲ್ಲಿರುವುದರಿಂದ ಮೆಟ್ಟಿಲು ಹತ್ತುವ ಕಷ್ಟವಿಲ್ಲ. ಟಿಕೆಟ್ ಕೇಳುವುದು, ಚಿಲ್ಲರೆ ಎಣಿಸುವುದು, ನಿಲ್ದಾಣದ ಹೆಸರು ಓದುವುದು ಎಲ್ಲವೂ ಅಭ್ಯಾಸವೇ ಆಯಿತು.

ಖರ್ಚಿನ ವಿಷಯ. ಮನೆಗೆ ಬಂದು ಮಾಡುವ ಒಂದು ಫಿಸಿಯೊಥೆರಪಿಗೆ ಆಸ್ಪತ್ರೆಯ ಹೊರರೋಗಿ ವಿಭಾಗದ ಎರಡು ಪಟ್ಟಿಗೂ ಹೆಚ್ಚು ಕೊಡಬೇಕು. ರಾತ್ರಿ ಅಟೆಂಡರ್ ಸೇರಿದರೆ ಮಧ್ಯಮ ವರ್ಗದ ಮನೆಗೆ ಭಾರವೇ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಆಸ್ಪತ್ರೆಯ ಒಳರೋಗಿ ಚಿಕಿತ್ಸೆಗೆ ನೆರವಾಗುತ್ತದೆಯೇ ಹೊರತು ಹೀಗೆ ತಿಂಗಳುಗಟ್ಟಲೆ ನಡೆಯುವ ಮನೆ ಆರೈಕೆಗಲ್ಲ. ರಶೀದಿಗಳನ್ನು ಮುದ್ರೆ ಸಮೇತ ತಪ್ಪದೆ ಕೊಡುತ್ತಾರೆ. ಅಪಘಾತ ಪರಿಹಾರದ ದಾವೆ ಹೂಡುವವರಿಗೆ ಅವು ಬೇಕಾಗುತ್ತವೆ. ಹಣ ಕಡಿಮೆಯಿದ್ದವರು ಮೊದಲ ಪರೀಕ್ಷೆ, ನುಂಗುವ ಪರೀಕ್ಷೆ ಮತ್ತು ಮನೆಯವರ ತರಬೇತಿ ಈ ಮೂರನ್ನಾದರೂ ಪಡೆದು, ದಿನನಿತ್ಯದ ಅಭ್ಯಾಸವನ್ನು ತಾವೇ ನಡೆಸಿ, ತಿಂಗಳಿಗೊಮ್ಮೆ ಕರೆಸಿ ತೋರಿಸಬಹುದು. ರಾತ್ರಿ ಅಟೆಂಡರ್ ತೆಗೆದುಕೊಳ್ಳುವವರು ದಿನವೂ ಅದೇ ವ್ಯಕ್ತಿ ಬರುತ್ತಾರೆಯೇ, ಬದಲಾದರೆ ಹಳಬರು ಹೊಸಬರಿಗೆ ರೋಗಿಯ ಮುಂದೆಯೇ ಎಲ್ಲವನ್ನೂ ಒಪ್ಪಿಸುತ್ತಾರೆಯೇ ಎಂಬುದನ್ನು ಬರೆಸಿಕೊಂಡೇ ಒಪ್ಪಿಕೊಳ್ಳಬೇಕು.

ಅಣ್ಣ ಈಗ ಕೋಲು ಹಿಡಿದು ನಡೆಯುತ್ತಾನೆ, ಚಿಕ್ಕ ವಾಕ್ಯಗಳಲ್ಲಿ ಮಾತನಾಡುತ್ತಾನೆ, ಬಲಗೈ ಅಕ್ಷರ ಬರೆಯುವಷ್ಟು ಇನ್ನೂ ಸುಧಾರಿಸಿಲ್ಲ. ಮುಂದಿನ ತಿಂಗಳು ಬ್ಯಾಡಗಿಗೆ ಹಿಂದಿರುಗುತ್ತಾನೆ. ಈ ಸೇವೆಯವರು ಹಾವೇರಿ ಜಿಲ್ಲೆಗೆ ಬರುವುದಿಲ್ಲ; ಅಲ್ಲಿಯ ಫಿಸಿಯೊಥೆರಪಿಸ್ಟ್ ಒಬ್ಬರಿಗೆ ಅಭ್ಯಾಸಗಳನ್ನು ಒಪ್ಪಿಸಿ, ವಾರಕ್ಕೊಮ್ಮೆ ವಿಡಿಯೊ ಕರೆಯಲ್ಲಿ ನೋಡುವುದಾಗಿ ಹೇಳಿದ್ದಾರೆ. ಅದು ಹೇಗೆ ನಡೆಯುತ್ತದೆಂದು ನೋಡಿ ಅಂಕವನ್ನು ತಿದ್ದುತ್ತೇನೆ.